ಕೊನೆಯ ನಿಲ್ದಾಣ ಎಲ್ಲಿ ಹೋಯ್ತು?

ದೆಹಲಿಯ ಪಕ್ಕದಲ್ಲೇ ಇರುವ ಊರು ಘಾಜಿಯಾಬಾದ್. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ನಮೋ ಭಾರತ್ ಎಂಬ ವೇಗದ ರೈಲು ಓಡಾಟ ಶುರುಮಾಡಿತು. ಮೊದಲ ಹಂತದಲ್ಲಿ ಇದ್ದದ್ದು 17 ಕಿಲೋಮೀಟರ್ ದಾರಿ, ಐದು ನಿಲ್ದಾಣ: ಸಾಹಿಬಾಬಾದ್, ಘಾಜಿಯಾಬಾದ್, ಗುಲ್ಧರ್, ದುಹಾಯಿ, ದುಹಾಯಿ ಡಿಪೊ.

ಮಕ್ಕಳೇ, ಈ ಹೆಸರುಗಳನ್ನು ಸಾಲಾಗಿ ಹೇಳುವುದನ್ನು ಕಂಪ್ಯೂಟರಿಗೆ ಕಲಿಸೋಣವೇ? ಐದು ಬೇರೆ ಬೇರೆ ಸೂಚನೆ ಬೇಕಿಲ್ಲ. ನಿಲ್ದಾಣಗಳಿಗೆ ಒಂದೊಂದು ಅಂಕಿ ಕೊಟ್ಟು, ‘ಈ ಅಂಕಿಗಳ ಹೆಸರನ್ನೆಲ್ಲ ಹೇಳು’ ಎಂದರೆ ಸಾಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಇಂಥ ಸೂಚನೆಯೇ ಲೂಪ್.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಸಾಹಿಬಾಬಾದ್ 0, ದುಹಾಯಿ ಡಿಪೊ 4. ಅಂಕಿಗಳ ಸಾಲನ್ನು ಒದಗಿಸಲು ಅಲ್ಲಿ ‘ರೇಂಜ್’ ಇದೆ. ರೇಂಜ್(0, 4) ಎಂದು ಬರೆದು ನೋಡಿ. ದುಹಾಯಿ ಎಂದ ಕೂಡಲೇ ಕಂಪ್ಯೂಟರ್ ಸುಮ್ಮನಾಗುತ್ತದೆ. ಡಿಪೊ ಬರುವುದೇ ಇಲ್ಲ!

ಕಂಪ್ಯೂಟರ್ ಕೆಟ್ಟಿಲ್ಲ. ರೇಂಜ್‌ನಲ್ಲಿ ಮೊದಲ ಅಂಕಿ ಸೇರುತ್ತದೆ, ಕೊನೆಯದು ಸೇರುವುದಿಲ್ಲ. ಪೈಥಾನ್ ಕೈಪಿಡಿ ಇದನ್ನು ಬಿಡಿಸಿಯೇ ಹೇಳುತ್ತದೆ. ನಮಗೆ ಬೇಕಾದದ್ದು ರೇಂಜ್(0, 5).

ಹೀಗೇಕೆ? ಎರಡು ಲಾಭಗಳಿವೆ. 5ರಿಂದ 0 ಕಳೆಯಿರಿ: ನಿಲ್ದಾಣ ಎಷ್ಟೆಂಬುದು ತಾನಾಗಿ ಸಿಗುತ್ತದೆ. ಇನ್ನು, ಸಾಲನ್ನು ರೇಂಜ್(0, 2) ಮತ್ತು ರೇಂಜ್(2, 5) ಎಂದು ಎರಡು ಮಾಡಿ. ಗುಲ್ಧರ್ ಒಂದೇ ಸಲ ಬರುತ್ತದೆ; ಯಾವುದೂ ತಪ್ಪಿಹೋಗುವುದಿಲ್ಲ. ಎಣಿಕೆಯನ್ನು ಹೀಗೆ ಸೊನ್ನೆಯಿಂದ ಶುರುಮಾಡಿ, ಕೊನೆಯದನ್ನು ಹೊರಗಿಡುವುದೇ ಚೆನ್ನ ಎಂದು ನೆದರ್‌ಲೆಂಡ್ಸ್‌ನ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲೇ ವಾದಿಸಿದ್ದರು.

ಆದರೆ ಎಲ್ಲ ಭಾಷೆಗಳೂ ಈ ಮಾತಿಗೆ ಒಪ್ಪಿಲ್ಲ. ಲುವಾ, ಜೂಲಿಯಾ ಭಾಷೆಗಳಲ್ಲಿ 1ರಿಂದ 5 ಎಂದು ಬರೆದರೆ 5 ಕೂಡ ಸೇರುತ್ತದೆ. ರಸ್ಟ್ ಭಾಷೆ ಎರಡಕ್ಕೂ ದಾರಿ ಇಟ್ಟಿದೆ: ಎರಡು ಚುಕ್ಕಿ ಇಟ್ಟರೆ ಕೊನೆಯದು ಹೊರಗೆ, ಚುಕ್ಕಿಗಳ ಮುಂದೆ ಸಮ ಚಿಹ್ನೆಯನ್ನೂ ಹಾಕಿದರೆ ಒಳಗೆ. ಆದ್ದರಿಂದ ಹೊಸ ಭಾಷೆ ಕಲಿಯುವಾಗ ಕೈಪಿಡಿಯಲ್ಲಿ ಮೊದಲು ಹುಡುಕಬೇಕಾದದ್ದು ಇದು: ಎಣಿಕೆ ಎಲ್ಲಿಂದ ಶುರು? ಕೊನೆಯ ಅಂಕಿ ಒಳಗೋ, ಹೊರಗೋ?

ರೇಂಜ್‌ಗೆ ಮೂರನೆಯ ಅಂಕಿಯನ್ನೂ ಕೊಡಬಹುದು; ಒಂದೊಂದು ಹೆಜ್ಜೆಗೆ ಎಷ್ಟು ಮುಂದೆ ಹೋಗಬೇಕೆಂದು ಅದು ಹೇಳುತ್ತದೆ. ರೇಂಜ್(0, 5, 2) ಎಂದರೆ 0, 2, 4. ಅಂದರೆ ಸಾಹಿಬಾಬಾದ್, ಗುಲ್ಧರ್, ದುಹಾಯಿ ಡಿಪೊ. ಹಾಗಾದರೆ ರೇಂಜ್(1, 5, 2) ಬರೆದರೆ ಯಾವ ಯಾವ ನಿಲ್ದಾಣ ಬರುತ್ತವೆ? ಮೊದಲು ಕಾಗದದಲ್ಲಿ ಬರೆದುಕೊಳ್ಳಿ, ಆಮೇಲೆ ಕಂಪ್ಯೂಟರನ್ನು ಕೇಳಿ.