ಮಗುವಿಗೆ ಬೇಕಾದದ್ದು, ಬೀಗರಿಗೆ ಬೇಕಾದದ್ದು

(ಪೀಣ್ಯ ಕೈಗಾರಿಕಾ ಪ್ರದೇಶದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇಂದು ಮಾತಾಡಲು ನೀವು ಆರಿಸಿದ ವಿಷಯ ಸಣ್ಣದೆಂದು ಕಾಣಬಹುದು: ಹುಟ್ಟಲಿರುವ ಮಗುವಿಗೆ ಏನೇನು ಕೊಳ್ಳಬೇಕು? ಆದರೆ ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿದರೆ ಇದು ಎಷ್ಟು ದೊಡ್ಡ ವಿಷಯವೆಂದು ತಿಳಿಯುತ್ತದೆ. ಮಗಳ ಸೀಮಂತ, ಮಗಳ ಬಾಣಂತನ, ಮೊಮ್ಮಗುವಿನ ನಾಮಕರಣ ಎಂದು ಬರೆಸಿ ಸಾಲ ಪಡೆಯುವ ತಾಯಂದಿರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ? ಮದುವೆಯ ಸಾಲ ತೀರುವ ಮೊದಲೇ ಈ ಸಾಲ ಬಂದು ಕೂರುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಅದರ ಹಿಂದೆ ವಿವೇಕವೂ ಇದೆ. ಹೆತ್ತಮ್ಮನ ಕೈಯಲ್ಲಿ ಹುಡುಗಿಗೆ ನಾಲ್ಕು ದಿನ ವಿಶ್ರಾಂತಿ, ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ ಸಿಗಲಿ ಎಂಬುದು ಅದರ ಉದ್ದೇಶ. ಆದರೆ ಈ ಪದ್ಧತಿಯ ಜೊತೆಗೆ ಈಗ ಒಂದು ಪಟ್ಟಿಯೂ ಬರುತ್ತದೆ. ಸೀಮಂತಕ್ಕೆ ರೇಷ್ಮೆ ಸೀರೆ, ಮಗುವಿಗೆ ಚಿನ್ನದ ಸರ, ಬೆಳ್ಳಿ ಉಡಿದಾರ, ಬೆಳ್ಳಿ ಬಟ್ಟಲು, ಅಳಿಯನಿಗೆ ಉಂಗುರ, ಬೀಗಿತ್ತಿಗೆ ಸೀರೆ, ಛತ್ರದಲ್ಲಿ ನಾಮಕರಣ. ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಮಗುವಿನ ಹೆಸರಿನಲ್ಲಿ ಬಂದ ಪಟ್ಟಿಯಲ್ಲಿ ಮಗುವಿನ ಮೈ ಬೆಚ್ಚಗಿಡುವ ಒಂದು ವಸ್ತುವಾದರೂ ಇದೆಯೇ? ಹೆತ್ತವಳ ಹೊಟ್ಟೆಗೆ ಒಂದು ತುತ್ತಾದರೂ ಇದೆಯೇ? ಇದು ಮಗುವಿನ ಪಟ್ಟಿಯಲ್ಲ. ವರದಕ್ಷಿಣೆಯ ಎರಡನೇ ಕಂತು.

ಹಾಗಾದರೆ ಮಗುವಿಗೆ ನಿಜವಾಗಿ ಏನು ಬೇಕು? 2007ರಲ್ಲಿ ಕರ್ನಾಟಕ ಸರ್ಕಾರ ತಂದ 'ಮಡಿಲು' ಯೋಜನೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ವಸ್ತುಗಳ ಒಂದು ಚೀಲ ಕೊಡುತ್ತಿದ್ದರು. ಸೊಳ್ಳೆ ಪರದೆ, ಹೊದಿಕೆ, ಸೋಪು, ಎಣ್ಣೆ, ಮಗುವಿಗೆ ಸ್ವೆಟರು, ಟೋಪಿ, ರಬ್ಬರ್ ಶೀಟು. ತಾಯಿಗೆ ಹೊಟ್ಟೆ ಕಟ್ಟುವ ಬಟ್ಟೆ, ಪ್ಯಾಡು, ಬಾಚಣಿಗೆ. ಅದರಲ್ಲಿ ಗುಲಗಂಜಿಯಷ್ಟು ಚಿನ್ನವೂ ಇರಲಿಲ್ಲ. ಇನ್ನೊಂದು ಮಾತು ಗಮನಿಸಿ: ಮಗುವಿನ ಜೊತೆಗೆ ತಾಯಿಯನ್ನೂ ಆ ಪಟ್ಟಿ ಮರೆತಿರಲಿಲ್ಲ.

ನಾವೂ ಹಾಗೆಯೇ ಪಟ್ಟಿ ಮಾಡೋಣ. ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಸೀರೆಗಳು ಎಳೆಮೈಗೆ ಅಂಗಡಿಯ ಹೊಸ ಬಟ್ಟೆಗಿಂತ ಮೆತ್ತಗೆ. ತೊಟ್ಟಿಲನ್ನು ಒಬ್ಬರಿಂದ ಒಬ್ಬರು ಪಡೆದುಕೊಳ್ಳಬಹುದು; ಸಂಘವೇ ಒಂದು ತೊಟ್ಟಿಲು ಇಟ್ಟುಕೊಳ್ಳಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಮನೆಗಳಲ್ಲಿ ಕೆಲಸಕ್ಕೆ ಹೋಗುವ ತಂಗಿಯರು ಅಲ್ಲಿನ ಮಗುವಿನ ಗಾಡಿ, ಗೊಂಬೆ ನೋಡಿ ತಮ್ಮ ಮಗುವಿಗೆ ಏನೂ ಇಲ್ಲವೆಂದು ಕೊರಗಬೇಕಾಗಿಲ್ಲ. ಆರು ತಿಂಗಳವರೆಗೆ ಮಗುವಿಗೆ ಬೇಕಾದ ಆಹಾರ ಎದೆಹಾಲು ಒಂದೇ. ಹಾಲಿನ ಬಾಟಲಿಯನ್ನು ಮೊದಲೇ ಕೊಂಡಿಡಬೇಡಿ. ಬಾಟಲಿ ಮತ್ತು ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಮೊದಲ ಖರ್ಚು ತಾಯಿಯ ಮೈಗೆ ಆಗಬೇಕು. ಬೇಳೆ, ಸೊಪ್ಪು, ಮೊಟ್ಟೆ, ಹಾಲು ತರಲು ದುಡ್ಡಿಲ್ಲದ ಮನೆಯಲ್ಲಿ ಬೆಳ್ಳಿ ಬಟ್ಟಲು ಬಂದರೆ ಅದರಲ್ಲಿ ಏನು ಹಾಕಿ ಕೊಡುವುದು? ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುತ್ತದೆ. ಬಸುರಿಯಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸಹ, ಉಚಿತವಾಗಿ ಆಗಬೇಕೆಂದು 2011ರಿಂದ ಯೋಜನೆ ಇದೆ. ಗಾರ್ಮೆಂಟ್ಸಿನಲ್ಲಿ ದುಡಿಯುವ, ಇಎಸ್‌ಐ ಇರುವ ಹೆಣ್ಣುಮಕ್ಕಳಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ಸಿಗುತ್ತಿದೆ. 26 ವಾರವೆಂದರೆ ಆರು ತಿಂಗಳು, ಮಗು ಎದೆಹಾಲನ್ನೇ ನಂಬಿರುವಷ್ಟು ಕಾಲ. ಈ ರಜೆ ಬಿಟ್ಟು 'ಕೆಲಸ ಬಿಡುತ್ತೇನೆ' ಎಂದು ಬರೆದುಕೊಟ್ಟು ಬರಬೇಡಿ. ಇಂಥ ರಜೆಯ ಸೌಲಭ್ಯ ಇಲ್ಲದ ಬಡ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಕೊಡುವ ಮಾತೃವಂದನಾ ಯೋಜನೆ ಇದೆ. ಅಂಗನವಾಡಿಯಲ್ಲಿ ವಿಚಾರಿಸಿ.

ಗೆಳತಿಯರೇ, 2016ರ ಏಪ್ರಿಲ್ 18 ಮತ್ತು 19ರಂದು ಈ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ದೇಶವೇ ನೋಡಿತು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೊಮ್ಮನಹಳ್ಳಿ, ಹೊಸೂರು ರಸ್ತೆ, ಇತ್ತ ಜಾಲಹಳ್ಳಿ ಕ್ರಾಸ್, ಪೀಣ್ಯದಲ್ಲಿ ಸಾವಿರಾರು ಹೆಂಗಸರು ರಸ್ತೆಯಲ್ಲಿ ನಿಂತರು. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಸರ್ಕಾರದ ಎದುರು ಹಾಗೆ ಹೋರಾಡಿ ಉಳಿಸಿಕೊಂಡ ಹಣವನ್ನು ಬೀಗರ ಎದುರು ತುಟಿ ಪಿಟಕ್ಕೆನ್ನದೆ ಸುರಿಯುವುದು ನ್ಯಾಯವೇ?

ಸಾಲದ ಲೆಕ್ಕವನ್ನೂ ನೋಡಿ. 20,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಗೆ ತಂದರೆ ಬಡ್ಡಿಯೇ ತಿಂಗಳಿಗೆ 400 ರೂಪಾಯಿ. ತಿಂಗಳು ತಿಂಗಳು ಬಾಣಂತಿಯ ಹಾಲು, ಮೊಟ್ಟೆಗೆ ಆಗುತ್ತಿದ್ದ ದುಡ್ಡು ಅದು.

'ಕೊಡದಿದ್ದರೆ ಮಗಳನ್ನು ಕರೆದುಕೊಂಡು ಹೋಗುವುದಿಲ್ಲ ಅಂತಾರಲ್ಲ' ಎಂದು ನೀವು ಕೇಳುತ್ತೀರಿ. ನಿಜ, ಭಯ ಅಲ್ಲೇ ಇದೆ. ಹೆಣ್ಣು ಹುಟ್ಟಿದರಂತೂ ಹಂಗಿಸುವುದಕ್ಕೆ ಇನ್ನೊಂದು ನೆಪ. ಕಾನೂನು ಏನನ್ನುತ್ತದೆ ಎಂದು ತಿಳಿದಿರಲಿ. ಮಗು ಹುಟ್ಟಿದಾಗ ಪದ್ಧತಿಯಂತೆ ಕೊಡುವುದು ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2001ರ ಒಂದು ತೀರ್ಪಿನಲ್ಲಿ ಹೇಳಿತ್ತು. ವರದಕ್ಷಿಣೆ ಎಂಬ ಮಾತಿಗೆ ವಿಶಾಲವಾದ ಅರ್ಥ ಕೊಡಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ಹೇಳಿತು. ಈ ವಾದ ವಕೀಲರಿಗಿರಲಿ. ಒಡವೆಗಾಗಿ, ಹಣಕ್ಕಾಗಿ ಹೆಣ್ಣನ್ನು ಪೀಡಿಸುವುದು, ಅದನ್ನು ಏನೆಂದು ಕರೆದರೂ, ಅಪರಾಧವೇ. ಹಿಂದೆ 498ಎ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನಿನಡಿ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ ಕೇಳಬಹುದು. 181ಕ್ಕೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ. ಆದರೆ ಕಾನೂನಿಗಿಂತ ಮೊದಲು ಹತ್ತಿರವಿರುವುದು ಸಂಘ. ಬಾಣಂತಿಯನ್ನು ಕರೆಸಿಕೊಳ್ಳದ ಮನೆಗೆ ತಾಯಿ ಒಬ್ಬಳೇ ಅಳುತ್ತಾ ಹೋಗುವುದು ಬೇರೆ, ಸಂಘದ ಹತ್ತು ಹೆಂಗಸರು ಒಟ್ಟಾಗಿ ಹೋಗಿ ಕೇಳುವುದು ಬೇರೆ.

ಸಾಲ ಬೇಡವೆನ್ನುವುದು ನನ್ನ ಮಾತಲ್ಲ. ಆಸ್ಪತ್ರೆಗೆ, ಔಷಧಕ್ಕೆ, ಊಟಕ್ಕೆ ಸಂಘ ತಕ್ಷಣ ಸಾಲ ಕೊಡಲಿ. ಆದರೆ ಕೊಡುವಾಗ ಮೂರು ಪ್ರಶ್ನೆ ಕೇಳಲಿ: ಈ ಪಟ್ಟಿ ಬರೆದವರು ಯಾರು? ಇದರಲ್ಲಿ ಮಗುವಿಗೆಷ್ಟು, ತಾಯಿಗೆಷ್ಟು? ಮಗುವಿನ ಅಪ್ಪ ಎಷ್ಟು ಹಾಕುತ್ತಾನೆ? ಮಗು ಇಬ್ಬರದು, ಖರ್ಚು ಮಾತ್ರ ತವರಿನದು ಹೇಗಾಯಿತು?

ಕೊನೆಯದಾಗಿ ಒಂದು ಮಾತು. ಇಲ್ಲಿ ಹೆಣ್ಣು ಹೆತ್ತ ತಾಯಂದಿರಷ್ಟೇ ಕೂತಿಲ್ಲ, ಗಂಡು ಹೆತ್ತವರೂ ಇದ್ದೀರಿ. ನಾಳೆ ನಿಮ್ಮ ಸೊಸೆ ಬಸುರಿಯಾದಾಗ ಅವಳ ತವರಿಗೆ ಯಾವ ಪಟ್ಟಿಯೂ ಹೋಗದಿರಲಿ. ಬದಲಿಗೆ ನೀವೇ ಅವಳನ್ನು ಕೇಳಿ: 'ನಿನಗೇನು ಬೇಕಮ್ಮಾ?'