ಸಹಿ ಕಲಿಸಿದರೆ ಸಾಲದು

(ಬೆಳಗಾವಿಯ ನೆಹರು ನಗರದಲ್ಲಿ ರಾತ್ರಿಶಾಲೆಯ ಸ್ವಯಂಸೇವಕರ ಎದುರು ಮಾಡಿದ ಭಾಷಣ)



ಹಗಲೆಲ್ಲ ದುಡಿದು, ಸಂಜೆಯ ಎರಡು ಗಂಟೆಯನ್ನು ಅಕ್ಷರ ಬಾರದವರಿಗಾಗಿ ಕೊಡಲು ನೀವು ಮುಂದೆ ಬಂದಿದ್ದೀರಿ. ನಿಮ್ಮನ್ನು ಹೊಗಳಲು ನಾನು ಬಂದಿಲ್ಲ. ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲು ಬಂದಿದ್ದೇನೆ.

ಮಾಸ್ತರಿಕೆಯಲ್ಲಿದ್ದಾಗ ನಾನೂ ಒಂದು ರಾತ್ರಿಶಾಲೆ ನಡೆಸಿದೆ. ಇಪ್ಪತ್ತು ಮಂದಿ ಹೆಣ್ಣುಮಕ್ಕಳು. ಮೂರೇ ವಾರದಲ್ಲಿ ಎಲ್ಲರೂ ಸಹಿ ಕಲಿತರು. ಹೆಬ್ಬೆಟ್ಟು ತೊಲಗಿತೆಂದು ಪೇಢೆ ಹಂಚಿ ಶಾಲೆ ಮುಚ್ಚಿದೆವು. ವರ್ಷ ಕಳೆದ ಮೇಲೆ ಅವರಲ್ಲೊಬ್ಬಾಕೆ ಸಾಲದ ಕಾಗದ ಹಿಡಿದು ಬಂದಳು. ಇಷ್ಟು ಬಡ್ಡಿ ಹೇಗಾಯಿತೆಂದು ಕೇಳಿದ್ದಕ್ಕೆ, "ನೀನ ಸಹಿ ಮಾಡೀಯಲ್ಲ" ಎಂದು ವಸೂಲಿಯವನು ಬಾಯಿ ಮುಚ್ಚಿಸಿದ್ದನಂತೆ.

"ಮಾಸ್ತರ್ರ, ಹೆಬ್ಬಟ್ಟು ಒತ್ತೂವಾಗ ಯಾರರೆ ಓದಿ ಹೇಳತಿದ್ರು. ಈಗ ನನಗ ಸಹಿ ಬರತೈತಂತ ಯಾರೂ ಓದಿ ಹೇಳವಲ್ರು" ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಓದು ಬಾರದ ಸಹಿ ಸಾಲಗಾರಳಿಗಿಂತ ಸಾಲ ಕೊಟ್ಟವನಿಗೇ ಹೆಚ್ಚು ಅನುಕೂಲ. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಳ್ಳೆಯದೇ. ಆದರೆ ಸಾಲ ಪಡೆದಾಕೆ ಅದನ್ನು ಓದುವುದು ಹೇಗೆ? 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಏಳು ವರ್ಷ ತುಂಬಿದ ಹೆಂಗಸರ ಪೈಕಿ ನೂರಕ್ಕೆ ಸುಮಾರು 35 ಮಂದಿ ಅಕ್ಷರಸ್ಥರಲ್ಲ. ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಮಾತ್ರವೇ ಜನಗಣತಿ ಅಕ್ಷರಸ್ಥರೆಂದು ಎಣಿಸುತ್ತದೆ. ಸಹಿಯೊಂದೇ ಬಂದರೆ ಲೆಕ್ಕಕ್ಕಿಲ್ಲ.

2009ರಿಂದ 2018ರವರೆಗೆ ನಡೆದ ಸಾಕ್ಷರ ಭಾರತ ಕಾರ್ಯಕ್ರಮದಲ್ಲಿ ಕಲಿಕೆಗೆ ಸುಮಾರು 300 ಗಂಟೆ ಬೇಕೆಂದು ಗೊತ್ತುಮಾಡಿದ್ದರು. ದಿನಕ್ಕೆ ಎರಡು ಗಂಟೆಯಂತೆ 150 ಸಂಜೆ. ನನ್ನ ಮೂರು ವಾರ ಎಲ್ಲಿ, ಇದೆಲ್ಲಿ! ಅಷ್ಟು ದಿನ ಬರಲಾಗದವರು ಈಗಲೇ ಹೇಳಿಬಿಡಿ, ನಮಗೆ ಬೇಸರವಿಲ್ಲ. ನಡುವೆ ಕೈಬಿಟ್ಟರೆ ಮಾತ್ರ ಆ ತಾಯಂದಿರು ಮತ್ತೆ ಪಾಟಿ ಹಿಡಿಯಲಾರರು.

ಇನ್ನೊಂದು ಮಾತು. ಖಾನಾಪುರದ ಕಡೆಯಿಂದ ಬಂದವಳ ಮನೆಮಾತು ಮರಾಠಿಯಾದರೆ ಮೊದಲು ಮರಾಠಿಯನ್ನೇ ಓದಲಿ. ಓದುವ ರುಚಿ ಹತ್ತಿದರೆ ಬಸ್ಸಿನ ಬೋರ್ಡಿಗಾಗಿ ಕನ್ನಡವನ್ನು ಅವಳೇ ಕೇಳುತ್ತಾಳೆ. ಇದಕ್ಕೆ ಎರಡೂ ಕಡೆಯವರು ನನ್ನ ಮೇಲೆ ಸಿಟ್ಟಾಗುವುದುಂಟು, ಆಗಲಿ.

'ಅ ಆ ಇ ಈ' ಎಂದು ಮಕ್ಕಳಂತೆ ಒದರಿಸಬೇಡಿ. ಅವರವರ ಮನೆಯಲ್ಲಿರುವ ಕಾಗದಗಳನ್ನೇ ತರಿಸಿರಿ: ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಸಂಘದ ಪಾಸ್‌ಬುಕ್ಕು. ಬಡ್ಡಿ, ಕಂತು, ಬಾಕಿ, ಇವೇ ಮೊದಲ ಶಬ್ದಗಳಾಗಲಿ. ವೇಳೆಯನ್ನೂ ಅವರೇ ಗೊತ್ತುಮಾಡಲಿ; ರೊಟ್ಟಿ ಬಡಿಯುವ ಹೊತ್ತಿಗೆ ಕರೆದು, ಬರಲಿಲ್ಲವೆಂದು ಗೊಣಗಬೇಡಿ.

ಸೋಮವಾರದಿಂದ ಶುರು. ಆ ಸಾಲದ ಕಾಗದದ ಹೆಣ್ಣುಮಗಳೂ ಬರುತ್ತೇನೆಂದಿದ್ದಾಳೆ. ಕಾಗದವನ್ನು ಮರೆಯದೆ ತರಲು ಹೇಳಿದ್ದೇನೆ.