ಓದಿದ್ದೀರಾ ಸಾರ್?

ಇವತ್ತು ಈ ಹೊತ್ತಲ್ಲಿ ರಾಜಕೀಯ ಇಲ್ಲ. ಯಾರು ಯಾರ ಮೇಲೆ ಕಿಡಿ ಕಾರಿದ್ರು, ಯಾರ ಕುರ್ಚಿ ಅಲ್ಲಾಡ್ತಿದೆ, ಅದೆಲ್ಲ ಒಂಬತ್ತು ಗಂಟೆ ಬುಲೆಟಿನ್‌ಗೆ ಇರಲಿ. ಇವತ್ತು ಕಾದಂಬರಿಗಳ ಬಗ್ಗೆ ಮಾತಾಡೋಣ. ಚಾನೆಲ್ ಬದಲಾಯಿಸಬೇಡಿ, ಇದರಲ್ಲೂ ಜಗಳ ಇದೆ. ಕೊನೆಯಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಅದು ನನ್ನದು.

ಕಳೆದ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಕಾರ್ಯಕ್ರಮ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಮೂವತ್ತು ಜನ ಓದುಗರು ಬಂದಿದ್ದರು. ವೇದಿಕೆ ಇಲ್ಲ, ಹಾರ ಇಲ್ಲ, ಪ್ಲಾಸ್ಟಿಕ್ ಕುರ್ಚಿ ಮತ್ತು ಚಹಾ. ನಿಯಮ ಒಂದೇ: ಪ್ರತಿಯೊಬ್ಬರೂ ತಮಗೆ ತುಂಬ ಇಷ್ಟವಾದ ಒಂದು ಹೆಸರಾಂತ ಕಾದಂಬರಿ ಹೇಳಬೇಕು, ಜೊತೆಗೆ ಸ್ವಲ್ಪವೂ ಇಷ್ಟವಾಗದ ಇನ್ನೊಂದು ಹೇಳಬೇಕು. ಕಾರಣ ಕೊಡಬೇಕು. ಟಿವಿಯವನು ಅಂತ ನನ್ನನ್ನು ನಿರ್ವಹಣೆಗೆ ಕೂರಿಸಿದ್ದರು. ಜಗಳ ಆದ್ರೆ ನಿಲ್ಲಿಸೋಕೆ ಗೊತ್ತಿರುತ್ತೆ ಅಂತ. ಪಾಪ, ನಮಗೆ ಹಚ್ಚೋದು ಮಾತ್ರ ಗೊತ್ತು ಅನ್ನೋದು ಅವರಿಗೆ ತಿಳಿದಿರಲಿಲ್ಲ.

ಮೊದಲು ಎದ್ದವರು ಶಿಡ್ಲಘಟ್ಟದ ಒಬ್ಬ ರೀಲರ್. ಬೆಳಗ್ಗೆ ಗೂಡು ಮಾರುಕಟ್ಟೆ, ಆಮೇಲೆ ನೂಲು ಬಿಚ್ಚೋ ಕೆಲಸ, ರಾತ್ರಿ ಓದು. ಇಷ್ಟವಾಗದ ಕಾದಂಬರಿ ಯಾವುದು ಅಂದ್ರೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅಂದುಬಿಟ್ಟರು. ಕೋಣೆಯಲ್ಲಿ ಗುಸುಗುಸು. ಅವರ ಕಾರಣ ಕೇಳಿ: “ಸಾರ್, ನಮ್ ಕಡೆ ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಬೋರ್‌ನಲ್ಲಿ ಧೂಳು ಬರ್ತದೆ, ನೀರು ಬರಲ್ಲ. ಈ ಪುಸ್ತಕದಲ್ಲಿ ಯಾವ ಪುಟ ತೆಗೆದ್ರೂ ಮಳೆ, ಕಾಡು, ಜಿಗಣೆ. ಯಾವ ಮನೆಯೋರು ಯಾರಿಗೇನಾಗಬೇಕು ಅಂತ ಲೆಕ್ಕ ಹಾಕೋದ್ರಲ್ಲೇ ನೂರು ಪುಟ ಮುಗೀತು. ಕೈ ಎತ್ತಿಬಿಟ್ಟೆ.”

ಎಲ್ಲರೂ ನಕ್ಕರು. ಆದರೆ ಈ ಮಾತನ್ನ ಸುಮ್ಮನೆ ತಳ್ಳಿ ಹಾಕೋಕಾಗಲ್ಲ. ನಾವು ಶ್ರೇಷ್ಠ ಅಂತ ಪಟ್ಟಿ ಮಾಡೋ ಕಾದಂಬರಿಗಳನ್ನ ನೋಡಿ. ‘ಕಾನೂರು ಹೆಗ್ಗಡಿತಿ’, ‘ಕರ್ವಾಲೊ’ ಮಲೆನಾಡು. ‘ಮರಳಿ ಮಣ್ಣಿಗೆ’ ಕರಾವಳಿ. ಬಯಲುಸೀಮೆಯ ಒಣಭೂಮಿಯ ಓದುಗನಿಗೆ ಇವೆಲ್ಲ ಬೇರೆ ದೇಶದ ಹಾಗೆ ಕಂಡರೆ ಅದು ಅವನ ದಡ್ಡತನ ಅಲ್ಲ.

ಹಾಗಾದ್ರೆ ಇಷ್ಟವಾದದ್ದು? ಭೈರಪ್ಪನವರ ‘ಗೃಹಭಂಗ’. “ಮುತ್ತುಗದೆಲೆ ಹಚ್ಚಿ, ಶ್ಯಾನುಭೋಗಿಕೆ ಲೆಕ್ಕ ಬರೆದು ಸಂಸಾರ ಎಳೀತಾಳಲ್ಲ ನಂಜಮ್ಮ, ಅವಳು ನಮ್ಮಜ್ಜಿ ಸಾರ್. ಜಾತಿ ಬೇರೆ, ಊರು ಬೇರೆ, ಆದ್ರೂ ನಮ್ಮಜ್ಜಿನೇ. ಪ್ಲೇಗಲ್ಲಿ ಮಕ್ಕಳು ಹೋಗೋ ಕಡೆ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತ್ಕೊಂಡೆ.”

ಆಗ ಚಿಕ್ಕಬಳ್ಳಾಪುರದ ಒಬ್ಬ ನಿವೃತ್ತ ಮೇಡಂ ಎದ್ದರು. “ಅಣ್ಣಾ, ನಾನೂ ಆ ಮದುಮಗಳನ್ನ ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ನಾಟಕ ನೋಡಿದೆ, ಒಂಬತ್ತು ಗಂಟೆ, ರಾತ್ರಿಯಿಡೀ. ನಾಯಿ ಹುಲಿಯ ಹೊಳೇಲಿ ಹೋಗುತ್ತಲ್ಲ, ಪಕ್ಕದಲ್ಲಿದ್ದ ನಮ್ಮ ಯಜಮಾನರು ಕಣ್ಣೊರೆಸ್ಕೊಂಡ್ರು. ಬಂದು ಮೂರನೇ ಸಲ ಓದಿ ಮುಗಿಸಿದೆ. ಆ ನಾಟಕದ ರಂಗರೂಪ ಮಾಡಿದ್ದು ಯಾರು ಗೊತ್ತಾ? ಕೆ.ವೈ. ನಾರಾಯಣಸ್ವಾಮಿ. ನಮ್ಮ ಹಳೇ ಕೋಲಾರ ಜಿಲ್ಲೆಯೋರೇ!”

ನೋಡಿ, ಇದು ಉತ್ತರ ಅಂದ್ರೆ. ಸಿ. ಬಸವಲಿಂಗಯ್ಯ ನಿರ್ದೇಶಿಸಿದ ಆ ನಾಟಕ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾಗಿದ್ದು. ಮಳೆ ಕಾಡಿನ ಕಥೆಯನ್ನ ರಂಗಕ್ಕೆ ತಂದ ಕೈ ಮಳೆಯೇ ಇಲ್ಲದ ಸೀಮೆಯದ್ದು. ರೀಲರ್ ಅಣ್ಣ ತಲೆ ಕೆರೆದುಕೊಂಡು, “ಹಂಗಾದ್ರೆ ಇನ್ನೊಂದು ನೂರು ಪುಟ ನೋಡೋಣ ಬಿಡಿ” ಅಂದರು.

ಆಮೇಲೆ ಚಿಂತಾಮಣಿಯ ಒಬ್ಬ ಡಿಗ್ರಿ ಹುಡುಗಿ. ಅವಳಿಗೆ ಇಷ್ಟವಾದದ್ದು ದೇವನೂರ ಮಹಾದೇವರ ‘ಕುಸುಮಬಾಲೆ’. ನನಗೇ ಆಶ್ಚರ್ಯ. 1984ರಲ್ಲಿ ಬಂದಾಗಿನಿಂದ, ‘ಭಾಷೆ ಅರ್ಥ ಆಗಲ್ಲ’ ಅಂತ ಓದುಗರು ದೂರೋ ಪುಸ್ತಕ ಅದು. ಅವಳು ಹೇಳಿದ್ದು: “ಸಾರ್, ನಮ್ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬಸ್ಸಲ್ಲಿ ಎರಡೂ ಸೇರಿಸಿ ಮಾತಾಡ್ತೀವಿ. ನಾವಾಡೋ ಹಂಗೆ ಯಾವ ಪುಸ್ತಕದಲ್ಲೂ ಇರಲ್ಲ. ನಮ್ಮ ಮಾತು ತಪ್ಪು ಅಂತಾನೇ ಅಂದ್ಕೊಂಡಿದ್ದೆ. ಈ ಪುಸ್ತಕದಲ್ಲಿ ಅವರ ಜನ ಆಡೋ ಹಂಗೇ ಬರ್ದಿದ್ದಾರೆ. ಅರ್ಧ ಅರ್ಥ ಆಗ್ಲಿಲ್ಲ. ಆದ್ರೆ ಧೈರ್ಯ ಬಂತು.”

ನಮ್ಮ ಮಾಸ್ತಿಯವರ ಮನೆಮಾತು ತಮಿಳು. ಕೈವಾರ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಈ ಸೀಮೆಗೆ ಎರಡು ನಾಲಿಗೆ ಇರೋದು ಕೊರತೆ ಅಲ್ಲ, ಆಸ್ತಿ. ಅದನ್ನ ಆ ಹುಡುಗಿಗೆ ಹೇಳೋಕೆ ನಂಜನಗೂಡು ಕಡೆಯ ಒಂದು ಕಾದಂಬರಿ ಬೇಕಾಯ್ತು.

ಇಷ್ಟವಾಗದ್ದು? “ಸಂಸ್ಕಾರ,” ಅಂದಳು. “ಕಥೆ ತಿರುಗೋದೇ ಚಂದ್ರಿಯಿಂದ. ಹೆಣ ಕೊಳೀತಿರುವಾಗ ಅಗ್ರಹಾರದೋರು ಶಾಸ್ತ್ರ ಹುಡುಕ್ತಾ ಕೂತಿರ್ತಾರೆ. ಅವಳು ರಾತ್ರೋರಾತ್ರಿ ಸುಡಿಸಿ ಕೆಲಸ ಮುಗಿಸ್ತಾಳೆ. ಮುಗಿಸಿ ಕಾದಂಬರಿಯಿಂದಾನೇ ಹೋಗ್ಬಿಡ್ತಾಳೆ! ಆಮೇಲೆ ಪುಟಗಟ್ಟಲೆ ಆಚಾರ್ಯರ ಗೊಂದಲ. ಅವಳಿಗೇನನ್ನಿಸ್ತು ಅಂತ ಕೇಳೋರಿಲ್ಲ.”

ಅನಂತಮೂರ್ತಿಯವರ ಅಭಿಮಾನಿಗಳು ಇದಕ್ಕೆ ಉತ್ತರ ಕೊಡಬಹುದು. ಆದ್ರೆ ಇದು ಓದಿದವಳ ತಕರಾರು.

ಈಗ ಬರುತ್ತೆ ನೋಡಿ. ಗೌರಿಬಿದನೂರಿನ ಒಬ್ಬ ಹಿರಿಯರು ಖುಷಿಯಾಗಿ ಎದ್ದು, “ಸರಿಯಾಗಿ ಹೇಳ್ದೆ ತಾಯಿ, ನನಗೂ ಸಂಸ್ಕಾರ ಕಂಡ್ರಾಗಲ್ಲ. ಒಂದು ಜಾತಿನ ಬೈಯೋಕೇ ಬರೆದದ್ದು ಅದು,” ಅಂದರು. ಹುಡುಗಿ ಮೆತ್ತಗೆ ಕೇಳಿದಳು: “ಓದಿದ್ದೀರಾ ಸಾರ್?” ಹಿರಿಯರು, “ಓದೋದ್ಯಾಕಮ್ಮ, ಎಲ್ರಿಗೂ ಗೊತ್ತಿರೋದೇ,” ಅಂದರು. ಹಿಂದಿನಿಂದ ಒಬ್ಬ ಯುವಕ ಚಪ್ಪಾಳೆ ತಟ್ಟಿ, “ನಾನಂತೂ ಭೈರಪ್ಪನ ಮುಟ್ಟೋದೇ ಇಲ್ಲ” ಅಂದ. ಅವಳು ಅವನ ಕಡೆಗೂ ತಿರುಗಿದಳು: “ಅಣ್ಣ, ನೀವು ಓದಿದ್ದೀರಾ?” ಅವನೂ ಓದಿರಲಿಲ್ಲ.

ಒಬ್ಬರು ಈ ಪಾಳೆಯ, ಒಬ್ಬರು ಆ ಪಾಳೆಯ. ಇಬ್ಬರ ಕೈಯಲ್ಲೂ ಪುಸ್ತಕ ಇಲ್ಲ.

ನನಗೆ ನಗು ಬಂತು. ಅಷ್ಟರಲ್ಲಿ ಆ ಹುಡುಗಿ ನನ್ನ ಕಡೆ ತಿರುಗಿದಳು. “ಸಾರ್, ಭೈರಪ್ಪನೋರು ತೀರ್ಕೊಂಡಾಗ ನೀವು ‘ಆವರಣ’ದ ಮೇಲೆ ಒಂದು ಗಂಟೆ ಡಿಬೇಟ್ ಮಾಡಿದ್ರಲ್ಲ. ನೀವು ಓದಿದ್ರಾ?”

ಓದಿರಲಿಲ್ಲ. ಇದೇ ನನ್ನ ತಪ್ಪೊಪ್ಪಿಗೆ. ಕಾದಂಬರಿ ಬಂದ 2007ರಲ್ಲಿ ನಾನು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ಅದರ ಪರವಾಗಿ ಒಂದು ರಾತ್ರಿ, ವಿರುದ್ಧವಾಗಿ ಇನ್ನೊಂದು ರಾತ್ರಿ ವಾದ ಮಾಡಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡ ದಿನ ನನ್ನ ಮುಂದಿದ್ದದ್ದು ಡೆಸ್ಕ್‌ನವರು ಕೊಟ್ಟ ನಾಲ್ಕು ಪುಟದ ನೋಟ್ಸ್. ಅತಿಥಿಗಳು ಕೂಗಿದರು, ನಾನು ಇನ್ನೂ ಜೋರಾಗಿ ಕೂಗಿದೆ.

ಕನ್ನಡದಲ್ಲಿ ಕಾದಂಬರಿಗೆ ಜಗಳ ಹೊಸದಲ್ಲ. ಅನಕೃ ಅವರ ‘ನಗ್ನಸತ್ಯ’, ‘ಶನಿಸಂತಾನ’ ಅಶ್ಲೀಲ ಅಂತ ಗದ್ದಲ ಆದಾಗ, ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ‘ಸಂಸ್ಕಾರ’ ಸಿನಿಮಾ ಆದಾಗ ಮೊದಲು ಸೆನ್ಸಾರ್ ತಡೆಯಿತು. ಆಮೇಲೆ ಅದೇ ಸಿನಿಮಾ 1970ರ ಸ್ವರ್ಣಕಮಲ ಗೆದ್ದಿತು. ಜಗಳದಿಂದ ಪುಸ್ತಕ ಸಾಯಲ್ಲ. ಓದದೇ ಇರೋದರಿಂದ ಸಾಯುತ್ತೆ.

ಅದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಓದಬೇಕು ಅಂತ ಹುಡುಗನಾಗಿದ್ದಾಗ ಬೆಂಗಳೂರಿಗೆ ನಡೆದೇ ಬಂದವರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದರು. ಆದ್ರೆ ಕುಲಪತಿಯಾಗಿದ್ದಾಗ ಪವಾಡಗಳನ್ನ ಅವರು ಸುಮ್ಮನೆ ಬೈದು ಕೂರಲಿಲ್ಲ, ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಪರೀಕ್ಷಿಸದೆ ಒಪ್ಪೋದು ತಪ್ಪಾದ್ರೆ, ಪರೀಕ್ಷಿಸದೆ ತಿರಸ್ಕರಿಸೋದೂ ಅಷ್ಟೇ ತಪ್ಪು ತಾನೇ?

ಊರಿಗೆ ಬಂದು ಓದಿದೆ. ‘ಗೃಹಭಂಗ’ ನನ್ನನ್ನೂ ಅಳಿಸಿತು. ‘ಆವರಣ’ ಇಷ್ಟವಾಗಲಿಲ್ಲ, ವಾದ ಮುಂದೆ ಓಡುತ್ತೆ, ಕಥೆ ಏದುಸಿರು ಬಿಡ್ತಾ ಹಿಂದೆ ಬರುತ್ತೆ. ಅದೇ ಕಾರಣಕ್ಕೆ ಅನಂತಮೂರ್ತಿಯವರ ‘ಭಾರತೀಪುರ’ವೂ ಇಷ್ಟವಾಗಲಿಲ್ಲ. ಈಗ ಎರಡೂ ಪಾಳೆಯದವರು ನನ್ನನ್ನ ಬೈಬಹುದು. ಬೈಯಿರಿ. ಓದಿ ಬೈಯಿರಿ.

ಅದಾದ ಮೇಲೆ ನಮ್ಮ ಕಾರ್ಯಕ್ರಮದಲ್ಲಿ ಪುಸ್ತಕದ ಬಗ್ಗೆ ಚರ್ಚೆ ಇದ್ರೆ, ಅತಿಥಿಗಳನ್ನ ಕರೆಯೋ ಮುಂಚೆ ಒಂದೇ ಪ್ರಶ್ನೆ ಕೇಳಿಸ್ತೀನಿ: ಓದಿದ್ದೀರಾ ಸಾರ್? ಕಳೆದ ಸಲ ನಾಲ್ವರಲ್ಲಿ ಇಬ್ಬರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ಬಂತು. ಉಳಿದಿಬ್ಬರ ಮಾತು ಚೆನ್ನಾಗಿತ್ತು.